ಸೈಕಲ್ ಎಂಜಿನ್ನಿನ ಪಿಸ್ಟನ್ನಿಗೆ ಅರ ಹಾಕುವ ಕ್ರಮ

ಸೈಕಲ್ ಫ್ರೇಮಿಗೆ ಕೂರಿಸುವ ಚೀನಾ ಟೂ-ಸ್ಟ್ರೋಕ್ ಕಿಟ್ಟುಗಳಲ್ಲಿ ಪ್ರತ್ಯೇಕ ವಾಲ್ವ್ ಇಲ್ಲ, ಬಹುಪಾಲು ಕಿಟ್ಟುಗಳಲ್ಲಿ ರೀಡ್ (ಒಂದೇ ದಿಕ್ಕಿಗೆ ತೆರೆಯುವ ತೆಳು ಎಲೆಯ ವಾಲ್ವ್) ಕೂಡ ಇಲ್ಲ. ಪಿಸ್ಟನ್ನೇ ವಾಲ್ವ್. ಅದು ಮೇಲೆ ಹೋದಾಗ ಅದರ ಕೆಳ ಅಂಚು, ಅಂದರೆ ಸ್ಕರ್ಟಿನ ಅಂಚು, ಇಂಟೇಕ್ ಪೋರ್ಟನ್ನು, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣ ಒಳಬರುವ ತೂತನ್ನು, ತೆರೆಯುತ್ತದೆ. ಕೆಳಗೆ ಬಂದಾಗ ಅದರ ತಲೆ ಹೊಗೆ ಹೊರಹೋಗುವ ಎಕ್ಸಾಸ್ಟನ್ನೂ, ಕ್ರ್ಯಾಂಕ್‌ಕೇಸಿನಿಂದ (ಕ್ರ್ಯಾಂಕ್ ತಿರುಗುವ ಕೆಳಗಿನ ಗೂಡು) ಮಿಶ್ರಣವನ್ನು ಮೇಲೆ ತರುವ ಟ್ರಾನ್ಸ್‌ಫರ್ ಪೋರ್ಟುಗಳನ್ನೂ ತೆರೆಯುತ್ತದೆ. ಹೀಗಿರುವಾಗ ಗಾಳಿ ಹೆಚ್ಚು ಬರಲೆಂದು ಪಿಸ್ಟನ್ನಿಗೆ ಅರ ಹಾಕುವುದೆಂದರೆ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ತೆರೆಸುವ ಕ್ಯಾಮ್ ಬದಲಿಸಿದಷ್ಟೇ ದೊಡ್ಡ ಕೆಲಸ. ಒಂದು ವ್ಯತ್ಯಾಸ: ತಪ್ಪಾದ ಕ್ಯಾಮನ್ನು ಬಿಚ್ಚಿ ಹಳೆಯದನ್ನು ಹಾಕಬಹುದು, ಕತ್ತರಿಸಿದ ಪಿಸ್ಟನ್ನಿಗೆ ಲೋಹ ಮರಳಿ ಅಂಟುವುದಿಲ್ಲ. ಆದ್ದರಿಂದ ಒಂದು ಪಿಸ್ಟನ್, ಒಂದು ಜೊತೆ ರಿಂಗ್, ಪಿಸ್ಟನ್ನಿನ ಪಿನ್ ಜಾರದಂತೆ ಹಿಡಿಯುವ ನಾಲ್ಕು ಸರ್ಕ್ಲಿಪ್ ಹೆಚ್ಚುವರಿಯಾಗಿ ಇಟ್ಟುಕೊಂಡೇ ಕೆಲಸ ಶುರುಮಾಡಿ.

ಕೈಯಲ್ಲಿರುವುದು ಯಾವ ಎಂಜಿನ್

'80 ಸಿಸಿ' ಎಂದು ಮಾರುವ ಕಿಟ್ಟುಗಳ ಬೋರ್ (ಸಿಲಿಂಡರಿನ ಒಳವ್ಯಾಸ) ಸಾಮಾನ್ಯವಾಗಿ 47 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 38 ಇದ್ದರೆ ನಿಜವಾದ ಸಾಮರ್ಥ್ಯ 66 ಸಿಸಿ, 40 ಇದ್ದರೆ 69 ಸಿಸಿ. 80 ಎಂಬುದು ಬರೀ ಡಬ್ಬದ ಮೇಲಿನ ಅಂಕಿ. ಎರಡಕ್ಕೂ ಪಿಸ್ಟನ್ 47 ಮಿ.ಮೀ.ನದೇ ಆದರೂ ಅದನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ನಿನ (ಗಜನ್ ಪಿನ್) ಜಾಗ ಒಂದೇ ಅಲ್ಲ. ಪಿನ್ ತೂತಿನ ಮೇಲಂಚಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರವನ್ನು ವರ್ನಿಯರಿನಲ್ಲಿ ಅಳೆದು, ಹಳೆಯದಕ್ಕೂ ಹೊಸದಕ್ಕೂ ತಾಳೆ ನೋಡಿ. ಈ ಎತ್ತರ ಕಡಿಮೆಯಿರುವ ಪಿಸ್ಟನ್ ಹಾಕಿದರೆ ಕಂಪ್ರೆಷನ್ ಬೀಳುತ್ತದೆ. ಹೆಚ್ಚಿರುವುದನ್ನು ಹಾಕಿದರೆ ತಲೆ ಹೆಡ್ಡಿಗೆ ಬಡಿಯಬಹುದು, ಸ್ಕರ್ಟ್ ಎಕ್ಸಾಸ್ಟ್ ಪೋರ್ಟಿನ ತಳವನ್ನು ದಾಟಿ ಮೇಲೇರಿಬಿಡಬಹುದು.

ಕಾನೂನಿನ ಮಾತು ಇಲ್ಲೇ ಮುಗಿಸೋಣ. ಪೆಟ್ರೋಲ್ ಎಂಜಿನ್ನಿನ ಮಟ್ಟಿಗೆ, 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಿಂದ ಹೊರಗಿರುವುದು ನಾಲ್ಕಕ್ಕಿಂತ ಕಡಿಮೆ ಚಕ್ರದ, 25 ಸಿಸಿ ಮೀರದ ವಾಹನ ಮಾತ್ರ. 66 ಸಿಸಿ ಕೂರಿಸಿದ ಸೈಕಲ್ ನೋಂದಣಿಯಿಲ್ಲದೆ ರಸ್ತೆಗಿಳಿದರೆ ಅಪರಾಧ. ಅಮೆರಿಕದಲ್ಲಿ ಈ ಹವ್ಯಾಸ ದೊಡ್ಡದು, ಆದರೂ ಅಲ್ಲಿನ ಹಲವು ರಾಜ್ಯಗಳಲ್ಲಿ 50 ಸಿಸಿ ಆಸುಪಾಸಿನ ಮಿತಿ ಇದೆ. ಇಲ್ಲಿ ನಿಮ್ಮ ತೋಟ, ಖಾಸಗಿ ಜಾಗ ಇವಿಷ್ಟೇ ಗತಿ.

ಅರಕ್ಕಿಂತ ಮೊದಲು ಡಿಗ್ರಿ

ಬೇಕಾದ ಸಾಮಾನು: ವರ್ನಿಯರ್, ಕಾಗದದಲ್ಲಿ ಮುದ್ರಿಸಿ ರಟ್ಟಿಗೆ ಅಂಟಿಸಿದ 360 ಡಿಗ್ರಿ ತಟ್ಟೆ, ಸೂಚಿಗೆ ಒಂದು ತುಂಡು ತಂತಿ, ಟಾರ್ಚು, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್. ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರೊಳಗೆ ಬೋಲ್ಟ್ ಕೂರಿಸಿ ಪಿಸ್ಟನ್ ತಡೆ ಮಾಡಿಕೊಳ್ಳಬಹುದು. ಬೋಲ್ಟಿನ ತುದಿ ಗುಂಡಗಿರಲಿ, ಚೂಪಾಗಿದ್ದರೆ ಪಿಸ್ಟನ್ ತಲೆಯಲ್ಲಿ ಗುಳಿ ಬೀಳುತ್ತದೆ.

ಮ್ಯಾಗ್ನೆಟೊ ಕಡೆಯ ಮುಚ್ಚಳ ತೆಗೆದು, ಕ್ರ್ಯಾಂಕ್ ತುದಿಯ ನಟ್ಟಿಗೆ ಡಿಗ್ರಿ ತಟ್ಟೆ ಸಿಕ್ಕಿಸಿ. ಪಿಸ್ಟನ್ ತಡೆ ಹಾಕಿ, ಕ್ರ್ಯಾಂಕನ್ನು ಒಂದು ದಿಕ್ಕಿಗೆ ತಗುಲುವವರೆಗೆ ತಿರುಗಿಸಿ ಅಂಕಿ ಬರೆದುಕೊಳ್ಳಿ, ಮತ್ತೆ ಎದುರು ದಿಕ್ಕಿಗೆ ತಿರುಗಿಸಿ ಬರೆದುಕೊಳ್ಳಿ. ಎರಡರ ನಟ್ಟನಡುವೆ ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲಿರುವ ಬಿಂದು (ಟಾಪ್ ಡೆಡ್ ಸೆಂಟರ್). ಕಣ್ಣಂದಾಜಿನ ಟಿಡಿಸಿ ನಂಬಬೇಡಿ. ಪಿಸ್ಟನ್ ತುತ್ತತುದಿಯಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಕದಲಿದಂತೆ ಕಾಣುವುದೇ ಇಲ್ಲ.

ಈಗ ಕಾರ್ಬ್ಯುರೇಟರನ್ನೂ ಇಂಟೇಕ್ ಪೈಪನ್ನೂ ಬಿಚ್ಚಿ, ಪೋರ್ಟಿನೊಳಗೆ ಟಾರ್ಚು ಬಿಡಿ. ಕ್ರ್ಯಾಂಕ್ ತಿರುಗಿಸುತ್ತ ಸ್ಕರ್ಟಿನ ಅಂಚಿಗೂ ಪೋರ್ಟಿನ ತಳಕ್ಕೂ ನಡುವೆ ತೆಳು ಫೀಲರ್ ನುಸುಳುವ ಕ್ಷಣದ ಡಿಗ್ರಿ ಬರೆದುಕೊಳ್ಳಿ. ಅದು ಟಿಡಿಸಿಗೆ 60 ಡಿಗ್ರಿ ಮೊದಲಿದ್ದರೆ, ಮುಚ್ಚುವುದು ಟಿಡಿಸಿ ಆದಮೇಲೆ 60ಕ್ಕೆ. ಒಟ್ಟು 120 ಡಿಗ್ರಿ. ಪಿಸ್ಟನ್ ಪೋರ್ಟಿನಲ್ಲಿ ಇದು ಯಾವಾಗಲೂ ಎರಡೂ ಕಡೆ ಸಮ. ಬೇಗ ತೆರೆಸಿ ಬೇಗ ಮುಚ್ಚಿಸುವ ದಾರಿ ಇಲ್ಲ, ಸ್ಕರ್ಟ್ ಕತ್ತರಿಸಿದರೆ ಬೇಗ ತೆರೆಯುತ್ತದೆ, ಅಷ್ಟೇ ತಡವಾಗಿ ಮುಚ್ಚುತ್ತದೆ. ಈ ವಿದ್ಯೆಯ ಲಾಭವೂ ತೊಂದರೆಯೂ ಇಲ್ಲಿಂದಲೇ ಹುಟ್ಟುವುದು.

ಲೆಕ್ಕ ಹೀಗೆ. 40 ಮಿ.ಮೀ. ಸ್ಟ್ರೋಕ್, ಕನೆಕ್ಟಿಂಗ್ ರಾಡಿನ ಎರಡು ಕೇಂದ್ರಗಳ ನಡುವೆ 85 ಮಿ.ಮೀ. ಎಂದುಕೊಳ್ಳಿ. ಟಿಡಿಸಿಯಲ್ಲಿ ಸ್ಕರ್ಟ್ ಅಂಚು ಪೋರ್ಟಿನ ತಳದಿಂದ 11.8 ಮಿ.ಮೀ. ಮೇಲಿದ್ದರೆ ಇಂಟೇಕ್ 120 ಡಿಗ್ರಿ, 13.5 ಇದ್ದರೆ 130, 15.3 ಇದ್ದರೆ 140. ಸ್ಟ್ರೋಕ್ 38 ಆದರೆ ಅವೇ ಡಿಗ್ರಿಗಳಿಗೆ 11.1, 12.7, 14.4. ರಾಡ್ ಉದ್ದ ನಾಲ್ಕೈದು ಮಿ.ಮೀ. ಆಚೀಚೆ ಇದ್ದರೂ ಈ ಅಂಕಿಗಳು ಬದಲಾಗುವುದು ಸುಮಾರು 0.1 ಮಿ.ಮೀ. ಮಾತ್ರ. ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಅಳತೆ: 1 ಮಿ.ಮೀ. ಕತ್ತರಿಸಿದರೆ ಹೆಚ್ಚುಕಡಿಮೆ 6 ಡಿಗ್ರಿ. 'ಸುಮ್ಮನೆ ಒಂದು ಕಾಲಿಂಚು ತೆಗೆ' ಎಂದು ಯಾರಾದರೂ ಹೇಳಿದರೆ ಅದು ಸುಮಾರು 37 ಡಿಗ್ರಿ. ಅಂಥ ಎಂಜಿನ್ ಐಡ್ಲಿನಲ್ಲಿ ನಿಲ್ಲುವುದೇ ಕಷ್ಟ.

ಎಲ್ಲಿಗೆ ನಿಲ್ಲಿಸಬೇಕು? ಪೆಡಲ್ ತುಳಿದು ಸ್ಟಾರ್ಟ್ ಮಾಡಿ, ಏರು ಹತ್ತಿ, ಊರೊಳಗಿನ ವೇಗದಲ್ಲಿ ಓಡಬೇಕಾದ ಸೈಕಲ್ಲಿಗೆ 125ರಿಂದ 135 ಡಿಗ್ರಿ ಸಾಕು. 140 ಮೀರಿದರೆ ಒಳಗೆ ಬಂದ ಪೆಟ್ರೋಲ್ ಮಂಜು ಕಡಿಮೆ ಆರ್‌ಪಿಎಂನಲ್ಲಿ ಕಾರ್ಬ್ಯುರೇಟರಿನಿಂದ ಹೊರಗೆ ಉಗುಳಲು ಶುರು. ಅದಕ್ಕೆ ತಕ್ಕ ಎಕ್ಸ್‌ಪ್ಯಾನ್ಶನ್ ಚೇಂಬರ್ (ಹೊಟ್ಟೆ ಉಬ್ಬಿದ ಟೂ-ಸ್ಟ್ರೋಕ್ ಸೈಲೆನ್ಸರ್) ಇಲ್ಲದಿದ್ದರೆ ಮೇಲಿನ ವೇಗದ ಲಾಭವೂ ಕೈಗೆ ಸಿಗದು. ಕಿಟ್ಟಿನ ಜೊತೆ ಬಂದ ಸೈಲೆನ್ಸರನ್ನೇ ಇಟ್ಟುಕೊಳ್ಳುವವರು 130ರ ಹತ್ತಿರ ನಿಲ್ಲಿಸುವುದೇ ಜಾಣತನ.

ಸ್ಕರ್ಟ್ ಕತ್ತರಿಸುವುದು

ಟಿಡಿಸಿಯಲ್ಲಿ ಇಂಟೇಕ್ ಪೋರ್ಟಿನೊಳಗೆ ಇಣುಕಿದರೆ ಬಹಳಷ್ಟು ಕಿಟ್ ಎಂಜಿನ್‌ಗಳಲ್ಲಿ ಸ್ಕರ್ಟಿನ ಅಂಚು ಪೋರ್ಟಿನ ಮೇಲ್ಭಾಗದಲ್ಲಿ ಪರದೆಯಂತೆ ಇಳಿಬಿದ್ದಿರುತ್ತದೆ. ಪೋರ್ಟ್ ಪೂರ್ತಿ ತೆರೆಯುವುದೇ ಇಲ್ಲ. ಆ ಪರದೆಯಷ್ಟು ಭಾಗ ತೆಗೆಯುವುದೇ ಮೊದಲ ಗುರಿ, ಆದರೆ ಡಿಗ್ರಿ ಮಿತಿ ಮೀರದಂತೆ. ಪರದೆ 4 ಮಿ.ಮೀ. ಇದ್ದು, ನಿಮ್ಮ ಲೆಕ್ಕಕ್ಕೆ 2 ಮಿ.ಮೀ. ಮಾತ್ರ ಒಪ್ಪಿತವಾದರೆ 2ಕ್ಕೇ ನಿಲ್ಲಿಸಿ, ಉಳಿದದ್ದನ್ನು ಪೋರ್ಟಿನ ಅಗಲದಲ್ಲಿ ಗಳಿಸಿ. ಪೋರ್ಟನ್ನು ಎರಡೂ ಬದಿಗೆ ಒಂದೊಂದು ಮಿ.ಮೀ. ಅಗಲಿಸಿದರೆ ಡಿಗ್ರಿ ಬದಲಾಗದೆ ಹರಿವು ಹೆಚ್ಚುತ್ತದೆ. ಇದು ಯಾರೂ ಬಾಯಲ್ಲಿ ಆಡದ, ಆದರೆ ಸ್ಕರ್ಟ್ ಕತ್ತರಿಸುವುದಕ್ಕಿಂತ ಒಳ್ಳೆಯ ಕೆಲಸ.

ಗುರುತು ಹಾಕುವುದು: ಪಿಸ್ಟನ್ ಟಿಡಿಸಿಯಲ್ಲಿ ಇರುವಾಗಲೇ ಪೋರ್ಟಿನ ಮೂಲಕ ಉದ್ದ ಸೂಜಿಯಿಂದ ಎಡಬಲ ಅಂಚುಗಳನ್ನೂ ಮೇಲಂಚನ್ನೂ ಸ್ಕರ್ಟಿನ ಮೇಲೆ ಗೀಚಿ. ಆಮೇಲೆ ಹೆಡ್, ಸಿಲಿಂಡರ್ ಕಳಚಿ. ಸಿಲಿಂಡರ್ ಪೂರ್ತಿ ಎತ್ತುವ ಮೊದಲೇ ಕ್ರ್ಯಾಂಕ್‌ಕೇಸಿನ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿ; ಸರ್ಕ್ಲಿಪ್ ಒಳಗೆ ಬಿದ್ದರೆ ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ಪಿಸ್ಟನ್ ತಲೆಯ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೆ ಇರುತ್ತದೆ. ಬಾಣ ಕಾಣದಿದ್ದರೆ ಬಿಚ್ಚುವ ಮೊದಲೇ ಮಾರ್ಕರಿನಲ್ಲಿ ಬರೆದಿಡಿ. ಎಕ್ಸಾಸ್ಟ್ ಕಡೆಯ ಸ್ಕರ್ಟ್ ಕತ್ತರಿಸಿದರೆ ಟಿಡಿಸಿಯಲ್ಲಿ ಎಕ್ಸಾಸ್ಟ್ ಪೋರ್ಟಿನ ತಳ ಕ್ರ್ಯಾಂಕ್‌ಕೇಸಿಗೆ ತೆರೆದುಕೊಳ್ಳುತ್ತದೆ, ಎಂಜಿನ್ ಹೊಸ ಮಿಶ್ರಣದ ಬದಲು ಹೊಗೆಯನ್ನೇ ಎಳೆದುಕೊಳ್ಳುತ್ತದೆ. ಆ ಪಿಸ್ಟನ್ ಗುಜರಿಗೆ.

ಪಿಸ್ಟನ್ ದುಂಡಗೆ ಕಂಡರೂ ದುಂಡಗಿಲ್ಲ, ಸ್ವಲ್ಪ ಅಂಡಾಕಾರ; ಮೇಲಿನಿಂದ ಕೆಳಕ್ಕೆ ದಪ್ಪವೂ ಒಂದೇ ಅಲ್ಲ. ಬೆಂಚ್ ವೈಸಿನಲ್ಲಿ ಸ್ಕರ್ಟ್ ಹಿಡಿದು ಬಿಗಿದರೆ ಆ ಆಕಾರ ಹಾಳಾಗುತ್ತದೆ. ಮರದ ತುಂಡಿಗೆ 10 ಮಿ.ಮೀ. ಸಲಾಕೆ ಬಡಿದು, ಪಿನ್ ತೂತಿನ ಮೂಲಕ ಪಿಸ್ಟನ್ ಕೂರಿಸಿ ಕೆಲಸ ಮಾಡಿ. ರಿಂಗುಗಳನ್ನು ಮೊದಲೇ ತೆಗೆದು, ಅವು ಕೂರುವ ತೋಡುಗಳಿಗೆ ಟೇಪ್ ಸುತ್ತಿ.

ಅರ್ಧಗುಂಡು ಅರದ ಹಲ್ಲಿಗೆ ಸೀಮೆಸುಣ್ಣ ಉಜ್ಜಿ, ಆಗಾಗ ಸೀಮೆಎಣ್ಣೆಯಲ್ಲಿ ಅದ್ದಿ. ಇಲ್ಲವಾದರೆ ಅಲ್ಯೂಮಿನಿಯಂ ಹಲ್ಲಿನಲ್ಲಿ ಸಿಕ್ಕಿಕೊಂಡು ಸ್ಕರ್ಟಿನ ಮೇಲೆ ಗೆರೆ ಎಳೆಯುತ್ತದೆ. ಒಂದೇ ದಿಕ್ಕಿಗೆ ಅರ ಓಡಿಸಿ. ಕತ್ತರಿಸುವುದು ಪೋರ್ಟಿನ ಅಗಲಕ್ಕೆ ಎರಡೂ ಬದಿ 1 ಮಿ.ಮೀ. ಸೇರಿಸಿದಷ್ಟು ಮಾತ್ರ. ಅದರ ಆಚೀಚೆ ಸ್ಕರ್ಟ್ ತನ್ನ ಉದ್ದಕ್ಕೇ ಉಳಿಯಲಿ, ಪಿಸ್ಟನ್ ಅಲ್ಲಾಡದಂತೆ ಹಿಡಿಯುವುದು ಆ ಎರಡು ಕಾಲುಗಳೇ. ಮೂಲೆಗಳನ್ನು ಕನಿಷ್ಠ 4 ಮಿ.ಮೀ. ತ್ರಿಜ್ಯದ ಬಾಗಿನಲ್ಲಿ ಮುಗಿಸಿ. ಎರಕದ ಪಿಸ್ಟನ್ ಬಿರುಸು. ಚೌಕ ಮೂಲೆಯಿಂದ ಬಿರುಕು ಎದ್ದು, ಸ್ಕರ್ಟಿನ ಚೂರು ಕ್ರ್ಯಾಂಕ್‌ಕೇಸಿಗೆ ಬೀಳುತ್ತದೆ.

ಬೇಕಾದ ಆಳದ ಅರ್ಧ ಕತ್ತರಿಸಿದ ಕೂಡಲೇ ನಿಲ್ಲಿಸಿ. ತೊಳೆದು, ರಿಂಗಿಲ್ಲದೆ ಜೋಡಿಸಿ, ಡಿಗ್ರಿ ಮತ್ತೆ ಅಳೆಯಿರಿ. ತಾಳೆಯಾದರೆ ಉಳಿದರ್ಧ. ಕೊನೆಗೆ ಅಂಚಿಗೆ 0.3ರಿಂದ 0.5 ಮಿ.ಮೀ. ಓರೆ ಕೊಟ್ಟು, 400, ಆಮೇಲೆ 600 ನಂಬರಿನ ಎಮರಿ ಪೇಪರಿನಲ್ಲಿ ಅಂಚು ಮಾತ್ರ ನುಣುಪು ಮಾಡಿ. ಸ್ಕರ್ಟಿನ ಮೈಯನ್ನು ಕನ್ನಡಿಯಾಗಿಸಬೇಡಿ. ಅದರ ಮೇಲಿನ ಸಣ್ಣ ಲೇತ್ ಗೆರೆಗಳಲ್ಲೇ ಎಣ್ಣೆ ನಿಲ್ಲುವುದು. ತಲೆಯನ್ನು ಬೇಕಾದರೆ 1000 ನಂಬರಿಗೆ ಹೊಳಪು ಮಾಡಿ, ಇಂಗಾಲ ಕೂರುವುದು ನಿಧಾನವಾಗುತ್ತದೆ. ಅದರಿಂದ ಅಶ್ವಶಕ್ತಿ ಬರುತ್ತದೆಂಬ ಮಾತು ಉತ್ಪ್ರೇಕ್ಷೆ.

ಪೋರ್ಟಿಗೆ ಅರ ಹಾಕುವಾಗ ಮೊದಲು ಬೋರಿಗೆ ಅಯಸ್ಕಾಂತ ಹಿಡಿದು ನೋಡಿ. ಬಿಗಿಯಾಗಿ ಅಂಟಿದರೆ ಎರಕದ ಕಬ್ಬಿಣದ ತೋಳು. ಅಂಟದಿದ್ದರೆ ಅಲ್ಯೂಮಿನಿಯಂ ಮೇಲೆ ಲೇಪನ, ಸಾಮಾನ್ಯವಾಗಿ ಕ್ರೋಮ್. ಲೇಪನದ ಬೋರಿನಲ್ಲಿ ಅರವನ್ನು ಬೋರಿನ ಒಳಗಿನಿಂದ ಪೋರ್ಟಿನ ಕಡೆಗೆ ಮಾತ್ರ ತಳ್ಳಿ. ಎದುರು ದಿಕ್ಕಿಗೆ ಎಳೆದರೆ ಕ್ರೋಮ್ ಸಿಪ್ಪೆ ಏಳುತ್ತದೆ. ಇಂಥ ಸಿಲಿಂಡರನ್ನು ಬೋರಿಂಗ್ ಅಂಗಡಿಗೆ ಕೊಟ್ಟು ಓವರ್‌ಸೈಜ್ ಮಾಡಿಸಲಾಗದು. ಸೀಜ್ ಆಗಿ ಲೇಪನ ಕಿತ್ತರೆ ಸಿಲಿಂಡರೇ ಬದಲಿಸಬೇಕು. ಕ್ರೋಮ್ ಬೋರಿಗೆ ಕ್ರೋಮ್ ರಿಂಗ್ ಕೂಡದು, ಎರಕದ ಕಬ್ಬಿಣದ ರಿಂಗೇ ಬೇಕು.

ಆರ್‌ಎಕ್ಸ್ 100ರ ಕಿಂಡಿ ಇಲ್ಲಿ ಬೇಡ

ಯಮಹಾ ಆರ್‌ಎಕ್ಸ್ 100 ಬಿಚ್ಚಿ ಗೊತ್ತಿರುವವರಿಗೆ ಅದರ ಪಿಸ್ಟನ್ನಿನ ಇಂಟೇಕ್ ಕಡೆಯ ಸ್ಕರ್ಟಿನಲ್ಲಿರುವ ಕಿಂಡಿಗಳು ಗೊತ್ತು. ಸೈಕಲ್ ಎಂಜಿನ್ನಿಗೂ ಹಾಗೇ ಕೊರೆದರೆ ಗಾಳಿ ಹೆಚ್ಚು ಬರುತ್ತದೆ ಎಂಬ ಯೋಚನೆ ಸಹಜ. ಆದರೆ ಆರ್‌ಎಕ್ಸ್‌ನಲ್ಲಿ ಕಾರ್ಬ್ಯುರೇಟರಿಗೂ ಪಿಸ್ಟನ್ನಿಗೂ ನಡುವೆ ರೀಡ್ ವಾಲ್ವ್ ಇದೆ. ಪಿಸ್ಟನ್ ಕೆಳಗಿಳಿದು ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿದಾಗ ಕಿಂಡಿ ಇಂಟೇಕ್ ಪೋರ್ಟಿಗೆ ಎದುರಾದರೂ ರೀಡಿನ ಎಲೆಗಳು ಮುಚ್ಚಿಕೊಂಡು ಮಿಶ್ರಣ ಹಿಂದಕ್ಕೆ ಹೋಗಲು ಬಿಡುವುದಿಲ್ಲ. ನಿಮ್ಮ ಎಂಜಿನ್ನಿನಲ್ಲಿ ಆ ತಡೆಯೇ ಇಲ್ಲ. ಕಿಂಡಿ ಕೊರೆದರೆ ಪ್ರತಿ ಸುತ್ತಿನಲ್ಲೂ, ಒತ್ತಡ ಅತಿ ಹೆಚ್ಚಿರುವ ಹೊತ್ತಿನಲ್ಲೇ, ಕ್ರ್ಯಾಂಕ್‌ಕೇಸ್ ಕಾರ್ಬ್ಯುರೇಟರಿಗೆ ತೆರೆದುಕೊಳ್ಳುತ್ತದೆ. ಏರ್ ಫಿಲ್ಟರ್ ಪೆಟ್ರೋಲಿನಲ್ಲಿ ನೆನೆಯುತ್ತದೆ, ಟ್ರಾನ್ಸ್‌ಫರ್ ಪೋರ್ಟಿಗೆ ಹೋಗಬೇಕಾದ್ದು ಹಿಂದಕ್ಕೆ ಹೋಗುತ್ತದೆ, ಎಂಜಿನ್ ಸ್ಟಾರ್ಟ್ ಆಗುವುದೂ ಅನುಮಾನ.

ಈ ಎಂಜಿನ್‌ಗಳಿಗೂ ರೀಡ್ ಬ್ಲಾಕ್ ಕಿಟ್ ಸಿಗುತ್ತದೆ. ಅದನ್ನು ಹಾಕುವವರಿಗೆ ಲೆಕ್ಕ ತಲೆಕೆಳಗು: ಇಂಟೇಕ್ ಡಿಗ್ರಿಯ ಮಿತಿ ಇಲ್ಲ, ಕಿಂಡಿ ಕೊರೆಯಲೇಬೇಕು. ಕಿಂಡಿಯ ಮೇಲಂಚು ಕೆಳಗಿನ ರಿಂಗ್ ತೋಡಿನಿಂದ ಕನಿಷ್ಠ 4 ಮಿ.ಮೀ. ಕೆಳಗಿರಲಿ, ಕಿಂಡಿಯ ಕೆಳಗೆ ಕನಿಷ್ಠ 5 ಮಿ.ಮೀ. ಪಟ್ಟಿ ಉಳಿಯಲಿ, ನಾಲ್ಕು ಮೂಲೆಯೂ ಗುಂಡಗಿರಲಿ. ಒಂದು ದೊಡ್ಡ ಕಿಂಡಿಗಿಂತ ನಡುವೆ ಪಟ್ಟಿ ಬಿಟ್ಟ ಎರಡು ಕಿಂಡಿ ಗಟ್ಟಿ.

ತೂಕ ಇಳಿಸುವುದು

ಈ ಎಂಜಿನ್‌ಗಳ ಕಂಪನ ಕುಖ್ಯಾತ. ನಟ್ಟು ಸಡಿಲವಾಗುವುದು, ಟ್ಯಾಂಕಿನ ಸ್ಟಡ್ ಮುರಿಯುವುದು, ಕೈ ಜೋಮು ಹಿಡಿಯುವುದು ಎಲ್ಲ ಅದರಿಂದಲೇ. ಕ್ರ್ಯಾಂಕಿನ ಎದುರುಭಾರ ಸಾಲದಿದ್ದಾಗ ಪಿಸ್ಟನ್ ಹಗುರ ಮಾಡಿದರೆ ನೇರ ಲಾಭ. 40 ಮಿ.ಮೀ. ಸ್ಟ್ರೋಕಿನಲ್ಲಿ 6,000 ಆರ್‌ಪಿಎಂಗೆ ಪ್ರತಿ 10 ಗ್ರಾಂ ತೂಕ ಸುಮಾರು 8 ಕೆಜಿ ಬಲದಿಂದ ಮೇಲೆ ಕೆಳಗೆ ಎಳೆಯುತ್ತದೆ. 10 ಗ್ರಾಂ ಇಳಿಸುವುದು ಸುಲಭವಲ್ಲ, 4ರಿಂದ 6 ಗ್ರಾಂ ಅಪಾಯವಿಲ್ಲದೆ ಸಾಧ್ಯ.

ತೆಗೆಯಬಹುದಾದ ಜಾಗ: ಪಿನ್ ಕೂರುವ ದಪ್ಪ ಭಾಗಗಳ (ಪಿನ್ ಬಾಸು) ಕೆಳಭಾಗ, ಸ್ಕರ್ಟಿನ ಒಳಮೈಯಲ್ಲಿ ಎರಕದ ಒರಟು ಗಂಟುಗಳು, ಪಿನ್ನಿನ ಕೆಳಗೆ ಎಡಬಲ ಬದಿಗಳಲ್ಲಿ 6ರಿಂದ 8 ಮಿ.ಮೀ. ತೂತು. ಬದಿಯ ತೂತು ಟ್ರಾನ್ಸ್‌ಫರ್ ಪೋರ್ಟಿಗೆ ಎದುರಾದರೂ ಬಾಧಕವಿಲ್ಲ, ಟ್ರಾನ್ಸ್‌ಫರ್ ದಾರಿ ಹೇಗೂ ಕ್ರ್ಯಾಂಕ್‌ಕೇಸಿಗೇ ಸೇರಿದ್ದು. ಮುಂದೆ ಹಿಂದೆ, ಅಂದರೆ ಎಕ್ಸಾಸ್ಟ್ ಮತ್ತು ಇಂಟೇಕ್ ಕಡೆ, ತೂತು ಬೇಡ. ಸ್ಕರ್ಟಿನ ದಪ್ಪ ಎಲ್ಲೂ 2 ಮಿ.ಮೀ.ಗಿಂತ ಕಡಿಮೆಯಾಗಬಾರದು. ತಲೆಯ ಒಳಮೈ ಮುಟ್ಟಬೇಡಿ. ಬೆಂಕಿಯ ಬಿಸಿ ರಿಂಗಿನ ಕಡೆಗೆ ಹರಿಯುವ ದಾರಿ ಅದು, ತೆಳುವಾದರೆ ನಡುವೆ ತೂತು ಬೀಳುತ್ತದೆ. ಗಜನ್ ಪಿನ್ನನ್ನು ಗ್ರೈಂಡರಿಗೆ ಕೊಡಬೇಡಿ, ಬಿಸಿಯಾದರೆ ಅದರ ಹದ ಕೆಡುತ್ತದೆ.

ರಿಂಗ್, ಪಿನ್, ಕ್ಲಿಪ್

ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ಸಮವಾಗಿ ಕೆಳಗೆ ತಳ್ಳಿ, ಬಾಯಿಯ ಸಂದು ಅಳೆಯಿರಿ. 47 ಮಿ.ಮೀ. ಬೋರಿಗೆ 0.20 ಮಿ.ಮೀ. ಸರಿ, 0.15ಕ್ಕಿಂತ ಕಡಿಮೆಯಿದ್ದರೆ ಬಿಸಿಗೆ ಎರಡು ತುದಿಗಳು ಒಂದಕ್ಕೊಂದು ತಾಗಿ ರಿಂಗ್ ಮುರಿಯುತ್ತದೆ. ತೋಡಿನಲ್ಲಿರುವ ಸಣ್ಣ ಮೊಳೆ ರಿಂಗ್ ತಿರುಗದಂತೆ ಹಿಡಿಯುತ್ತದೆ. ರಿಂಗಿನ ತುದಿಗಳು ಆ ಮೊಳೆಯ ಮೇಲೆ ಹತ್ತಿ ಕೂತರೆ ಸಿಲಿಂಡರ್ ಇಳಿಯುವುದಿಲ್ಲ. ಆಗ ಒತ್ತಬೇಡಿ, ಒತ್ತಿದರೆ ರಿಂಗ್ ಹೋಯಿತು.

ಪಿಸ್ಟನ್ನನ್ನು ಕುದಿಯುವ ನೀರಿನಲ್ಲಿ ಐದು ನಿಮಿಷ ಇಟ್ಟು, ಒರೆಸಿ, ಎಣ್ಣೆ ಹಚ್ಚಿದರೆ ಪಿನ್ ಬೆರಳಿನಲ್ಲೇ ಹೋಗುತ್ತದೆ. ಸುತ್ತಿಗೆ ಬಳಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸರ್ಕ್ಲಿಪ್ ಪ್ರತಿ ಸಲವೂ ಹೊಸದು. ಬಾಯಿ ನೇರ ಮೇಲಕ್ಕೆ ಅಥವಾ ನೇರ ಕೆಳಕ್ಕೆ ಇರಲಿ. ಬದಿಗಿದ್ದರೆ ಪಿಸ್ಟನ್ ತುದಿಯಲ್ಲಿ ದಿಕ್ಕು ಬದಲಿಸುವಾಗಿನ ಎಳೆತಕ್ಕೆ ಕ್ಲಿಪ್ ಕುಗ್ಗಿ ಹೊರಬರಬಹುದು. ಸಿಲಿಂಡರಿಗೆ ಉದ್ದುದ್ದ ಆಳವಾದ ಗೆರೆ ಬಿದ್ದ ಎಂಜಿನ್ ಬಿಚ್ಚಿದರೆ ಹೆಚ್ಚಿನ ಸಲ ಕಾರಣ ಈ ಕ್ಲಿಪ್.

ಹೆಡ್ ಹಾಕುವ ಮೊದಲು 1.5 ಮಿ.ಮೀ. ಮೆದು ಸೋಲ್ಡರ್ ತಂತಿಯ ಎರಡು ತುಂಡನ್ನು ಪಿಸ್ಟನ್ ತಲೆಯ ಮೇಲೆ, ಪಿನ್ನಿನ ನೇರಕ್ಕೆ ಎರಡೂ ಅಂಚಿನಲ್ಲಿ ಗ್ರೀಸಿನಿಂದ ಅಂಟಿಸಿ. ಹೆಡ್ ಬಿಗಿದು ಒಂದು ಸುತ್ತು ತಿರುಗಿಸಿ ತೆಗೆದು ಅಳೆಯಿರಿ. ಚಪ್ಪಟೆಯಾದ ಭಾಗ 0.8ರಿಂದ 1.0 ಮಿ.ಮೀ. ಇರಬೇಕು. 0.6ಕ್ಕೆ ಇಳಿದರೆ ದಪ್ಪ ಪ್ಯಾಕಿಂಗ್ ಹಾಕಿ. ಆದರೆ ಸಿಲಿಂಡರಿನ ಕೆಳಗಿನ ಪ್ಯಾಕಿಂಗ್ ದಪ್ಪ ಮಾಡಿದರೆ ಎಲ್ಲ ಪೋರ್ಟುಗಳೂ ಮೇಲೇರುತ್ತವೆ, ಅಳೆದಿಟ್ಟ ಇಂಟೇಕ್ ಡಿಗ್ರಿ ಇಳಿದು ಎಕ್ಸಾಸ್ಟ್ ಡಿಗ್ರಿ ಏರುತ್ತದೆ. ಹೆಡ್ ಪ್ಯಾಕಿಂಗ್ ಬದಲಿಸಿದರೆ ಆ ಗೊಂದಲ ಇಲ್ಲ. 8 ಮಿ.ಮೀ. ಸ್ಟಡ್‌ಗಳ ನಟ್ಟನ್ನು ಎದುರುಬದುರಾಗಿ 6, 12, 17 ನ್ಯೂಟನ್ ಮೀಟರ್ ಎಂದು ಮೂರು ಹಂತದಲ್ಲಿ ಬಿಗಿಯಿರಿ. ಮೊದಲ ಓಟದ ನಂತರ ಪೂರ್ತಿ ತಣಿದ ಮೇಲೆ ಇನ್ನೊಮ್ಮೆ.

ಓಡಿಸಿ ನೋಡುವುದು

ಮೊದಲ ಎರಡು ಮೂರು ಟ್ಯಾಂಕಿಗೆ ಲೀಟರಿಗೆ 40 ಮಿ.ಲೀ. 2ಟಿ ಎಣ್ಣೆ, ಆಮೇಲೆ 31 ಮಿ.ಲೀ. ಅಂದರೆ 25ಕ್ಕೆ 1, ನಂತರ 32ಕ್ಕೆ 1. ಎಣ್ಣೆ ಹೆಚ್ಚಿದಷ್ಟೂ ಒಳ್ಳೆಯದು ಎಂದು ಸುರಿದರೆ ಅದೇ ಪೆಟ್ರೋಲಿನ ಜಾಗ ತಿಂದು ಮಿಶ್ರಣ ಬಡವಾಗುತ್ತದೆ. ಶುರುವಿನಲ್ಲಿ ಒಂದೇ ವೇಗದಲ್ಲಿ ಉದ್ದಕ್ಕೆ ಓಡಿಸದೆ ಥ್ರಾಟಲ್ ಏರಿಳಿಸುತ್ತಿರಿ, ಹತ್ತು ನಿಮಿಷಕ್ಕೊಮ್ಮೆ ತಣಿಯಲು ಬಿಡಿ.

ಗಾಳಿ ಹೆಚ್ಚು ಬಂದಮೇಲೆ ಪೆಟ್ರೋಲೂ ಹೆಚ್ಚು ಬೇಕು. ಮೇನ್ ಜೆಟ್ ಒಂದು ಅಳತೆ ಮೇಲಿನದು ಹಾಕಿಯೇ ಮೊದಲ ಓಟ ಶುರುವಾಗಲಿ, ಜಾಸ್ತಿಯಾದರೆ ಆಮೇಲೆ ಇಳಿಸಬಹುದು. ಅರ್ಧ ಥ್ರಾಟಲಿನ ಹದಕ್ಕೆ ಸ್ಲೈಡಿನ ಸೂಜಿಯ ಕ್ಲಿಪ್ಪನ್ನು ಒಂದು ತೋಡು ಕೆಳಗೆ ಹಾಕಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ. ಜೆಟ್ಟಿನ ತೂತನ್ನು ಗುಂಡುಸೂಜಿಯಿಂದ ಹಿಗ್ಗಿಸಬೇಡಿ. ಕಿಟ್ಟಿನ ಪ್ಲಗ್ ಬದಲು ಎನ್‌ಜಿಕೆ ಬಿ6ಎಚ್‌ಎಸ್ ಹಾಕಿ, ಪೂರ್ತಿ ಥ್ರಾಟಲಿನಲ್ಲಿ ಓಡುತ್ತಿರುವಾಗಲೇ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಕಾಫಿ ಕಂದು ಇದ್ದರೆ ಸರಿ. ಬಿಳಿಚಿದ್ದರೆ ಜೆಟ್ ದೊಡ್ಡದು ಮಾಡುವ ಮೊದಲು ಇಂಟೇಕ್ ಪೈಪಿನ ಪ್ಯಾಕಿಂಗಿನಲ್ಲಿ ಗಾಳಿ ಸೋರುತ್ತಿದೆಯೇ ನೋಡಿ: ಐಡ್ಲಿನಲ್ಲಿ ಆ ಜೋಡಣೆಗೆ ಎರಡು ಹನಿ ಎಣ್ಣೆ ಬಿಟ್ಟಾಗ ಎಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ.

ಸೀಜ್ ಆಗಿ ಬಿಚ್ಚಬೇಕಾದರೆ ಪಿಸ್ಟನ್ನಿನ ಗೀರುಗಳೇ ಕಾರಣ ಹೇಳುತ್ತವೆ. ಎಕ್ಸಾಸ್ಟ್ ಕಡೆ ಮಾತ್ರ ಗೀರಿದ್ದರೆ ಮಿಶ್ರಣ ಬಡವಾಗಿತ್ತು ಅಥವಾ ಅತಿ ಬಿಸಿ. ಸುತ್ತ ನಾಲ್ಕು ಕಡೆ ಉದ್ದುದ್ದ ಗೀರಿದ್ದರೆ ಪಿಸ್ಟನ್-ಬೋರ್ ಸಂದು ಸಾಲದು, ಅಥವಾ ತಣ್ಣಗಿರುವಾಗಲೇ ಥ್ರಾಟಲ್ ಜೋರಾಗಿ ತಿರುಚಿದ್ದಾರೆ. ಎರಕದ ಪಿಸ್ಟನ್ನಿಗೆ 0.05ರಿಂದ 0.06 ಮಿ.ಮೀ. ಸಂದು ಬೇಕು. ತಲೆಯ ಅಂಚು ಇಲಿ ಕಡಿದಂತೆ ತಿಂದಿದ್ದರೆ ಡೆಟನೇಷನ್, ಅಂದರೆ ಮಿಶ್ರಣ ಹದತಪ್ಪಿ ಸಿಡಿದದ್ದು: ಕಂಪ್ರೆಷನ್ ಹೆಚ್ಚಾಗಿದೆ ಅಥವಾ ಪೆಟ್ರೋಲ್ ಸರಿಯಿಲ್ಲ. ಇಂಟೇಕ್ ಕಡೆ, ನೀವು ಕತ್ತರಿಸಿದ ಅಂಚಿನ ಎರಡು ಮೂಲೆಗಳಿಂದಲೇ ಗೀರು ಹೊರಟಿದ್ದರೆ ಓರೆ ಕೊಡುವುದು ಮರೆತುಹೋಗಿದೆ. ಆ ಪಿಸ್ಟನ್ ಎತ್ತಿಟ್ಟು, ಹೆಚ್ಚುವರಿ ಪಿಸ್ಟನ್ನಿಗೆ ಗುರುತು ಹಾಕಿ.